ಕಡಲ ಪಾಠ ಕೆರೆಯ ದಡದಲ್ಲಿ

ಬೇಗೂರು ಎಂದೊಡನೆ ನಾಗೇಶ್ವರ ದೇವಸ್ಥಾನದ ಶಾಸನ ನೆನಪಾಗುತ್ತದೆ. ಬೆಂಗಳೂರಿನ ಹೆಸರು ಹೇಳುವ ಗಂಗರ ಕಾಲದ ಆ ಕಲ್ಲು ಊರಿನ ಹೆಮ್ಮೆ. ಆದರೆ ಬೇಗೂರು ಕೆರೆ ಕೋಡಿ ಬಿದ್ದರೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಇಲ್ಲಿನ ಮಕ್ಕಳನ್ನು ಕೇಳಿ ನೋಡಿ. ಆ ನೀರು ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿಗೆ ಸೇರಿ, ತಮಿಳುನಾಡನ್ನು ಹಾದು, ಕಡಲೂರಿನ ಬಳಿ ಬಂಗಾಳ ಕೊಲ್ಲಿಗೆ ಬೀಳುತ್ತದೆ. ಬೆಂಗಳೂರಿನ ಮಗುವಿನ ಕಡಲು ಮಂಗಳೂರಿನದ್ದಲ್ಲ, ಬಂಗಾಳ ಕೊಲ್ಲಿ.

ಮಕ್ಕಳಿಗೆ ಕಡಲ ಕಾಳಜಿ ಕಲಿಸುವುದಕ್ಕೆ ನಮ್ಮಲ್ಲೇ ಮಾದರಿಯಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಕುಂದಾಪುರದ ಕೋಡಿಯಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ತಾಯಿ ಆಮೆ ರಾತ್ರಿ ದಡ ಹತ್ತಿ, ಹಿಂಗಾಲಿನಿಂದ ಗುಂಡಿ ತೋಡಿ, ಪಿಂಗ್‌ಪಾಂಗ್ ಚೆಂಡಿನಂಥ ನೂರರಷ್ಟು ಮೊಟ್ಟೆಯಿಟ್ಟು, ಮರಳು ಮುಚ್ಚಿ, ಮೈಯಿಂದ ತಟ್ಟಿ ಮಟ್ಟ ಮಾಡಿ ಹೊರಟುಬಿಡುತ್ತದೆ. ಗೂಡಿಗೆ ನಾಯಿ ಬೀಳದಂತೆ ಊರವರೂ ಅರಣ್ಯ ಇಲಾಖೆಯವರೂ ಬಲೆ ಕಟ್ಟಿ ಕಾಯುತ್ತಾರೆ. 45ರಿಂದ 60 ದಿನಗಳಲ್ಲಿ ಮರಿಗಳು ಹೊರಬರುತ್ತವೆ. ಅವನ್ನು ಕಡಲಿಗೆ ಬಿಡುವಾಗ ಶಾಲಾ ಮಕ್ಕಳನ್ನೂ ಕರೆಯುವುದುಂಟು.

ಮರಿಯನ್ನು ಅಂಗೈಯಲ್ಲಿ ಎತ್ತಿಕೊಳ್ಳಬೇಕೆಂಬ ಆಸೆ ಯಾವ ಮಗುವಿಗೆ ಇರುವುದಿಲ್ಲ? ಆದರೆ ಮರಿ ಮರಳಿನ ಮೇಲೆ ತಾನೇ ತೆವಳಿ ನೀರು ಸೇರಬೇಕು. ಬೆಳೆದ ಹೆಣ್ಣಾಮೆ ತಾನು ಹುಟ್ಟಿದ ಕರಾವಳಿಗೇ ಮೊಟ್ಟೆಯಿಡಲು ಬರುತ್ತದೆ. ಆ ಜಾಗದ ಗುರುತು ಮರಿಯಾಗಿದ್ದಾಗಲೇ ಮನಸ್ಸಿಗೆ ಹತ್ತುತ್ತದೆ ಎನ್ನುತ್ತಾರೆ ತಜ್ಞರು. ಟಾರ್ಚು, ಮೊಬೈಲಿನ ಬೆಳಕಿಗೆ ಮರಿ ದಿಕ್ಕು ತಪ್ಪುತ್ತದೆ. ಹಾಗಾಗಿ ದಾರಿ ಬಿಟ್ಟು ಸುಮ್ಮನೆ ನಿಲ್ಲುವುದೂ ಮಕ್ಕಳು ಮಾಡುವ ಕೆಲಸವೇ. ಫೋಟೊಗಾಗಿ ಅವರ ಕೈಗೆ ಮರಿ ಕೊಡುವುದು ತಪ್ಪು.

ಬೇಗೂರಿನಿಂದ ಬಸ್ಸು ಮಾಡಿಕೊಂಡು ಟೊಂಕಕ್ಕೆ ಹೋಗುವುದು ಎಲ್ಲ ಶಾಲೆಗಳಿಗೂ ಆಗುವ ಮಾತಲ್ಲ, ಹೋಗಲೇಬೇಕೆಂದೂ ಇಲ್ಲ. ಇದೇ ಜಾತಿಯ ಆಮೆ ಕಡಲೂರಿನ ದಡಕ್ಕೂ ಬರುತ್ತದೆ. ತೇಲುವ ಪ್ಲಾಸ್ಟಿಕ್ ಕವರನ್ನು ಜೆಲ್ಲಿಫಿಶ್ ಎಂದುಕೊಂಡು ಕಡಲಾಮೆಗಳು ನುಂಗುತ್ತವೆ. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸಿ ಎಸೆಯುತ್ತೇವಲ್ಲ, ಆ ಚೂರು ಚಿಂದಿ ಆಯುವವರ ಕೈಗೂ ಸಿಗುವುದಿಲ್ಲ. ಮಳೆ ಬಂದರೆ ಚರಂಡಿ ಹಿಡಿದು ಕೆರೆಗೆ ಇಳಿಯುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್ಟಿಗೇ ಅಂಟಿಕೊಂಡಿರುವಂತೆ ಬಿಟ್ಟರೆ ಸಾಕು. ಈ ಮಾತನ್ನು ಅಮ್ಮನಿಗೆ ಹೇಳಬೇಕಾದವರು ಕೆರೆಯ ದಡದಲ್ಲಿ ಆ ಚೂರುಗಳನ್ನು ತಾವೇ ಆಯ್ದು ಎಣಿಸಿದ ಮಕ್ಕಳು. ಒಂದು ದಿನದ ಸ್ವಚ್ಛತಾ ಅಭಿಯಾನಕ್ಕೆ ಬ್ಯಾನರ್ ಹಿಡಿಸಿದರೆ ಅವರಿಗೆ ಏನೂ ತಿಳಿಯುವುದಿಲ್ಲ. ಮಳೆಗೆ ಮುಂಚೆ ಎಷ್ಟು ಸಿಕ್ಕಿತು, ಮಳೆಯ ನಂತರ ಎಷ್ಟು, ಯಾವ ಬಗೆಯದು ಎಂದು ವರ್ಷವಿಡೀ ಒಂದೇ ಪುಸ್ತಕದಲ್ಲಿ ಬರೆದರೆ ತಿಳಿಯುತ್ತದೆ.

ಶಾಲೆಗಳಿಗೆ ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ‘ಸಂಭ್ರಮ ಶನಿವಾರ’ವಿದೆ. ಬೇಗೂರಿನ ಮುಖ್ಯೋಪಾಧ್ಯಾಯರಲ್ಲಿ ನನ್ನ ವಿನಂತಿ ಇಷ್ಟೇ: ಅದರಲ್ಲಿ ಒಂದು ಗಂಟೆಯನ್ನು ಕೆರೆಗೆ ಕೊಡಿ. ಕೈಗವಸು, ಒಂದು ನೋಟ್‌ಬುಕ್, ಜೊತೆಗೆ ಇಬ್ಬರು ಶಿಕ್ಷಕರಿದ್ದರೆ ಸಾಕು.