ಅಕ್ಷತೆ ಹಾಕುವುದಷ್ಟೇ ಶಾಸಕರ ಕೆಲಸವೇ?

ಸಂಬಂಧಿಕರ ಮನೆಯ ಮದುವೆಗೆ ನಮ್ಮ ಕ್ಷೇತ್ರದ ಶಾಸಕರು ಬಂದಿದ್ದರು. ಅಕ್ಷತೆ ಹಾಕಿದರು, ಪಂಕ್ತಿಯಲ್ಲಿ ಕುಳಿತು ಎರಡು ತುತ್ತು ಉಂಡರು. "ಎಷ್ಟು ಸರಳ ಮನುಷ್ಯ, ಕರೆದರೆ ಬಂದೇ ಬರುತ್ತಾರೆ" ಎಂದು ಹೆಂಗಸರೆಲ್ಲ ಹೊಗಳಿದ್ದೇ ಹೊಗಳಿದ್ದು. ನಾನು ಬಾಯಿ ತಡೆಯಲಾರದೆ ಕೇಳಿಬಿಟ್ಟೆ: "ಸಾರ್, ನಮ್ಮೂರ ಆಸ್ಪತ್ರೆಯಲ್ಲಿ ಹೆರಿಗೆ ಡಾಕ್ಟರಿಲ್ಲದೆ ವರ್ಷವಾಯಿತು. ವಿಧಾನಸಭೆಯಲ್ಲಿ ಒಂದು ಪ್ರಶ್ನೆಯಾದರೂ ಕೇಳಿದಿರಾ?"

ಅವರು ನಕ್ಕರು. "ಮಂತ್ರಿಗಳಿಗೆ ಫೋನ್ ಮಾಡಿ ಹೇಳ್ತೀನಿ ಬಿಡಮ್ಮ."

ನನ್ನ ತಕರಾರು ಇರುವುದೇ ಆ ಫೋನಿನ ಮೇಲೆ. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ. ಸದನದಲ್ಲಿ ಕೇಳಿದ ಪ್ರಶ್ನೆಗೆ ಇದೆ. ಚುಕ್ಕೆ ಗುರುತಿನ ಪ್ರಶ್ನೆಯಾದರೆ ಮಂತ್ರಿ ಎದ್ದುನಿಂತು ಉತ್ತರಿಸಬೇಕು, ಮೇಲೆ ಉಪಪ್ರಶ್ನೆ ಹಾಕಬಹುದು. ಚುಕ್ಕೆಯಿಲ್ಲದ್ದಾದರೆ ಬರವಣಿಗೆಯಲ್ಲಿ ಉತ್ತರ ಬರುತ್ತದೆ. ಎಷ್ಟು ಹುದ್ದೆ ಖಾಲಿ, ಯಾವಾಗ ತುಂಬುತ್ತೀರಿ ಎಂಬುದಕ್ಕೆ ಸರ್ಕಾರ ದಾಖಲೆಯಲ್ಲಿ ಸಿಕ್ಕಿಬೀಳುತ್ತದೆ. ಪಕ್ಷದ ವಿಪ್ ಇದೆಯಲ್ಲ ಎನ್ನಬೇಡಿ. ವಿಪ್ ಕಟ್ಟಿಹಾಕುವುದು ಮತವನ್ನು, ನಾಲಿಗೆಯನ್ನಲ್ಲ.

ಇನ್ನು ಹಣದ ಮಾತು. ರಾಜ್ಯದ ಖಜಾನೆಯ ಬೀಗದ ಕೈ ಇರುವುದು ವಿಧಾನಸಭೆಯ 224 ಮಂದಿಯ ಬಳಿ. ಧನ ವಿಧೇಯಕವನ್ನು ವಿಧಾನ ಪರಿಷತ್ತು 14 ದಿನ ಇಟ್ಟುಕೊಂಡು ಸಲಹೆ ಕೊಡಬಹುದು, ಅಷ್ಟೆ. ಪ್ರತಿ ಇಲಾಖೆಯ ಬೇಡಿಕೆಯೂ ವಿಧಾನಸಭೆಯ ಮುಂದೆ ಬರುತ್ತದೆ. ಸಭೆ ಅದನ್ನು ಒಪ್ಪಬಹುದು, ನಿರಾಕರಿಸಬಹುದು, ಕಡಿತ ಮಾಡಬಹುದು. ಆದರೆ ಗದ್ದಲದಲ್ಲಿ ದಿನಗಳು ಕಳೆದುಹೋದರೆ, ಚರ್ಚೆಯಾಗದೆ ಉಳಿದ ಬೇಡಿಕೆಗಳನ್ನೆಲ್ಲ ಒಟ್ಟಿಗೆ ಮತಕ್ಕೆ ಹಾಕಿ ಮುಗಿಸುತ್ತಾರೆ. ಧ್ವನಿಮತ: ಒಂದಷ್ಟು "ಹೌದು", ಒಂದಷ್ಟು "ಇಲ್ಲ", ಕೋಟಿಗಟ್ಟಲೆ ರೂಪಾಯಿ ಮಂಜೂರು. ಯಾರು ಹೌದೆಂದರು, ಯಾರು ತೂಕಡಿಸುತ್ತಿದ್ದರು ಎಂಬುದಕ್ಕೆ ಹೆಸರೇ ಇಲ್ಲ. ತಿಂಗಳ ಕೊನೆಗೆ ಹಾಲಿನ ಲೆಕ್ಕದಲ್ಲಿ ಒಂದು ಲೀಟರು ಹೆಚ್ಚು ಬರೆದಿದ್ದರೆ ನಾವು ಸುಮ್ಮನಿರುತ್ತೇವೆಯೇ?

ಇಷ್ಟೆಲ್ಲ ನಡೆಯಲು ಎಷ್ಟು ಜನ ಬೇಕು? ಸಂವಿಧಾನದ ಪ್ರಕಾರ ಹತ್ತನೇ ಒಂದು ಭಾಗ. ಎಂದರೆ 23 ಜನ ಕುಳಿತಿದ್ದರೂ ಕೋರಂ ಆಯಿತು. ನಮ್ಮ ಮಹಿಳಾ ಸಮಾಜದ ಭಜನೆಗೂ ಇದಕ್ಕಿಂತ ಹೆಚ್ಚು ಜನ ಸೇರುತ್ತಾರೆ.

ಅಲ್ಲಿ ಹೆಂಗಸರೆಷ್ಟು? 2023ರ ಚುನಾವಣೆಯಲ್ಲಿ 224ಕ್ಕೆ ಗೆದ್ದವರು 10. ಕೆ.ಎಸ್. ನಾಗರತ್ನಮ್ಮನವರು 1972ರಿಂದ 1978ರವರೆಗೆ ಸಭಾಧ್ಯಕ್ಷರ ಪೀಠದಲ್ಲಿ ಕುಳಿತು ಅದೇ ಸದನವನ್ನು ನಡೆಸಿದ ರಾಜ್ಯ ಇದು! ಪಂಚಾಯಿತಿಗಳಲ್ಲಿ 2010ರಲ್ಲೇ ನಮಗೆ ಅರ್ಧ ಪಾಲು ಕೊಟ್ಟರು. ವಿಧಾನಸಭೆಯ ಮೂರನೇ ಒಂದು ಪಾಲಿಗೆ ಸಂವಿಧಾನ ತಿದ್ದುಪಡಿಯಾಗಲು 2023 ಬರಬೇಕಾಯಿತು. ಅದಕ್ಕೂ ಜನಗಣತಿ, ಕ್ಷೇತ್ರ ವಿಂಗಡಣೆ ಆಗಲಿ ಎಂಬ ಬಾಲಂಗೋಚಿ ಕಟ್ಟಿದರು. ಚರಂಡಿ, ಬೀದಿದೀಪ ನೋಡಿಕೊಳ್ಳಲು ನಾವು ಬೇಕು. ಖಜಾನೆಯ ಬೀಗದ ಕೈ ಹಂಚಿಕೊಳ್ಳುವಾಗ ಮಾತ್ರ ಅವಸರವಿಲ್ಲ.

ಹಾಗೆಂದು ತಪ್ಪೆಲ್ಲ ಅವರದೇ ಅಲ್ಲ. ಗೃಹಪ್ರವೇಶಕ್ಕೆ ಬಂದವರು ಒಳ್ಳೆಯವರು, ನಾಮಕರಣಕ್ಕೆ ಬಾರದವರು ಸೊಕ್ಕಿನವರು ಎಂದು ಅಂಕ ಹಾಕುವವರು ನಾವೇ ಅಲ್ಲವೇ? ಅಧಿವೇಶನದ ದಿನ ಮದುವೆಗೆ ಕರೆದು, ಬಂದರೆಂದು ಬೀಗಿದವರೂ ನಾವೇ. ಆ ದಿನ ಅವರ ಖಾಲಿ ಕುರ್ಚಿಯ ಮೇಲೆ ನಮ್ಮ ಲಗ್ನಪತ್ರಿಕೆ ಕುಳಿತಿತ್ತು.

ಇನ್ನು ಮುಂದೆ ವೋಟು ಕೇಳಲು ಬಾಗಿಲಿಗೆ ಬಂದವರಿಗೆ ಅರಿಶಿನ ಕುಂಕುಮ ಕೊಡಿ, ಮಜ್ಜಿಗೆ ಕೊಡಿ. ಆಮೇಲೆ ಕೇಳಿ: ಎಷ್ಟು ದಿನ ಸದನದಲ್ಲಿ ಕುಳಿತಿರಿ? ಯಾವ ಪ್ರಶ್ನೆ ಕೇಳಿದಿರಿ? ಉತ್ತರ ಎಲ್ಲಿ, ತೋರಿಸಿ. ಮದುವೆಗೆ ಅಕ್ಷತೆ ಹಾಕಲು ನಮ್ಮ ಬಂಧುಬಳಗವೇ ಸಾಕು. ಹೆರಿಗೆ ಡಾಕ್ಟರನ್ನು ಕೇಳಲು ಆ ಸದನದಲ್ಲಿ ನಮಗಿರುವುದು ಅವರೊಬ್ಬರೇ.