ಕರೆಯದೆ ಬಂದವರನ್ನು ಕಳುಹಿಸುವ ಹೊಣೆ ಯಾರದು?

ನಮ್ಮ ಜರಗನಹಳ್ಳಿಯಂತಹ ಬಡಾವಣೆಗಳಲ್ಲಿ ನಿವೃತ್ತರ ಅನೇಕ ಮನೆಗಳಲ್ಲಿ ಇಂದು ಒಂದು ಗಣಕಯಂತ್ರವಿದೆ. ವಿದ್ಯುತ್ ಬಿಲ್ಲು ಕಟ್ಟಲು, ದೂರದೇಶದ ಮಕ್ಕಳ ಮುಖ ನೋಡಲು, ಕನ್ನಡದಲ್ಲಿ ನಾಲ್ಕು ಸಾಲು ಬರೆಯಲು ಅದೇ ಆಸರೆ. ಒಂದು ದಿನ ಅದರ ಪರದೆಯ ಮೂಲೆಯಿಂದ ಜಾಹೀರಾತುಗಳು ಒಂದರ ಹಿಂದೊಂದರಂತೆ ಇಣುಕತೊಡಗುತ್ತವೆ. ಹುಡುಕಿದ್ದು ಒಂದು, ತೆರೆದುಕೊಳ್ಳುವುದು ಮತ್ತೊಂದು. ಕಿರಿಯರನ್ನು ಕೇಳಿದರೆ ಸಿದ್ಧ ಉತ್ತರ: "ತಾತ, ನೀವೇ ಏನನ್ನೋ ಒತ್ತಿರಬೇಕು." ಹಿರಿಯರು ತಪ್ಪಿತಸ್ಥರಂತೆ ಸುಮ್ಮನಾಗುತ್ತಾರೆ, ಕೆಲವರು ಯಂತ್ರವನ್ನು ಮುಟ್ಟುವುದನ್ನೇ ಬಿಟ್ಟುಬಿಡುತ್ತಾರೆ. ಈ ಆರೋಪ ಅನ್ಯಾಯದ್ದೆಂಬುದೇ ನನ್ನ ಅಭಿಪ್ರಾಯ.

ಇಂತಹ ತಂತ್ರಾಂಶಗಳು ಒಳನುಗ್ಗುವ ಬಗೆಯನ್ನು ಗಮನಿಸೋಣ. ಉಚಿತವಾಗಿ ದೊರೆಯುವ ಯಾವುದೋ ವಿಡಿಯೋ ಪ್ಲೇಯರನ್ನೋ ಪಿಡಿಎಫ್ ಪರಿವರ್ತಕವನ್ನೋ ಇಳಿಸಿಕೊಳ್ಳುವಾಗ ನಾಲ್ಕಾರು ಬಾರಿ 'ನೆಕ್ಸ್ಟ್' ಒತ್ತಬೇಕಾಗುತ್ತದೆ. ನಡುವೆ ಎಲ್ಲೋ ಸಣ್ಣ ಅಕ್ಷರಗಳಲ್ಲಿ, ಇಂಗ್ಲಿಷಿನಲ್ಲಿ, ಮೊದಲೇ ಟಿಕ್ ಮಾಡಿಟ್ಟ ಒಂದು ಚೌಕವಿರುತ್ತದೆ. ನಾವು ಅದನ್ನು ಅಳಿಸದಿದ್ದರೆ ಒಪ್ಪಿದಂತೆ! ಉತ್ತರಪತ್ರಿಕೆಯಲ್ಲಿ ಮೊದಲೇ ತಪ್ಪು ಉತ್ತರವನ್ನು ಬರೆದಿಟ್ಟು, ಅದನ್ನು ಹೊಡೆದುಹಾಕದ ವಿದ್ಯಾರ್ಥಿಯ ಅಂಕ ಕಳೆಯುವ ಪರೀಕ್ಷಕನನ್ನು ನಾವು ಏನೆನ್ನುತ್ತೇವೆ?

ಕೆಲವೊಮ್ಮೆ ಏನನ್ನೂ ಒತ್ತುವ ಅಗತ್ಯವೂ ಇರುವುದಿಲ್ಲ. ಲೆನೊವೊ ಕಂಪನಿಯು 2014ರಲ್ಲಿ ತನ್ನ ಕೆಲವು ಮಾದರಿಯ ಲ್ಯಾಪ್‌ಟಾಪುಗಳಲ್ಲಿ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶವನ್ನು ತಾನೇ ಅಳವಡಿಸಿ ಮಾರಿತು. ಅದು ಬ್ಯಾಂಕಿನ ಪುಟಗಳಂತಹ ಸುರಕ್ಷಿತ ಪುಟಗಳ ನಡುವೆಯೂ ಕೈ ತೂರಿಸಬಲ್ಲದ್ದಾಗಿತ್ತು. 2015ರ ಫೆಬ್ರವರಿಯಲ್ಲಿ ಗುಟ್ಟು ರಟ್ಟಾಯಿತು. ತಂತ್ರಾಂಶವನ್ನು ತೆಗೆದುಹಾಕಿದ ಮೇಲೂ ಅದು ನೆಟ್ಟಿದ್ದ ನಕಲಿ ಪ್ರಮಾಣಪತ್ರ ಯಂತ್ರದಲ್ಲಿಯೇ ಉಳಿಯುತ್ತಿತ್ತು. ಅದನ್ನು ಬೇರೆಯಾಗಿಯೇ ಕೀಳಬೇಕಿತ್ತು. ಹೊಸ ಯಂತ್ರವನ್ನು ಹಣ ಕೊಟ್ಟು ಕೊಂಡವನ ತಪ್ಪಾದರೂ ಏನು?

ಇದು ನಮ್ಮ ಖಾಲಿ ನಿವೇಶನಗಳಲ್ಲಿ ಬೆಳೆಯುವ ಪಾರ್ಥೇನಿಯಂ ಗಿಡದಂತೆ. ಮೇಲಿನಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೇರುಸಹಿತ ಕಿತ್ತರೆ ಮಾತ್ರ ಉಪಯೋಗ. ಜಾಹೀರಾತಿನ ಕಿಟಕಿಗಳನ್ನು ಮುಚ್ಚುತ್ತಾ ಕೂಡುವುದು ಮೇಲಿನ ಕತ್ತರಿಕೆ. ಬೇರು ಕೀಳಲು ಹೀಗೆ ಮಾಡಬಹುದು. ಮೊದಲು ಫೋಟೋ, ಬರಹಗಳ ಪ್ರತಿಯೊಂದನ್ನು ಬೇರೆಡೆ ಇಟ್ಟುಕೊಳ್ಳಿ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ 'ಆ್ಯಪ್ಸ್' ವಿಭಾಗವನ್ನು ತೆರೆದು, ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಜೋಡಿಸಿ. ತೊಂದರೆ ಆರಂಭವಾದ ದಿನಗಳಲ್ಲಿ ಬಂದ ಅಪರಿಚಿತರನ್ನು ತೆಗೆದುಹಾಕಿ. ಆಮೇಲೆ ಬ್ರೌಸರಿನ 'ಎಕ್ಸ್‌ಟೆನ್ಶನ್'ಗಳನ್ನು ಪರಿಶೀಲಿಸಿ, 'ನೋಟಿಫಿಕೇಶನ್' ಅನುಮತಿಗಳನ್ನು ರದ್ದುಪಡಿಸಿ. ಮೂಲೆಯಿಂದ ಇಣುಕುವ ಜಾಹೀರಾತುಗಳಲ್ಲಿ ಹಲವು ಬರುವುದು ಈ ಅನುಮತಿಯ ಬಾಗಿಲಿನಿಂದಲೇ. ಆಗಲೂ ಹೋಗದಿದ್ದರೆ ಮಾಲ್‌ವೇರ್‌ಬೈಟ್ಸ್ ಸಂಸ್ಥೆಯ ಆ್ಯಡ್‌ಡಬ್ಲ್ಯುಕ್ಲೀನರ್ ಎಂಬ ಉಚಿತ ಸಾಧನವಿದೆ. ಅದನ್ನು ಆ ಸಂಸ್ಥೆಯ ಸ್ವಂತ ತಾಣದಿಂದಲೇ ಪಡೆಯಿರಿ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ತಾಣದಲ್ಲಿಯೂ ಉಚಿತ ಸಾಧನಗಳು ದೊರೆಯುತ್ತವೆ. "ನಿಮ್ಮ ಯಂತ್ರಕ್ಕೆ ವೈರಸ್ ತಗುಲಿದೆ, ಈ ಸಂಖ್ಯೆಗೆ ಕರೆಮಾಡಿ" ಎಂದು ಪರದೆ ಕಿರುಚಿದರೆ ಮಾತ್ರ ಎಂದಿಗೂ ಕರೆಮಾಡಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡಿ.

ಇಷ್ಟು ಹಂತಗಳನ್ನು ಬರೆಯಬೇಕಾಗಿ ಬಂದಿರುವುದೇ ನನ್ನ ಆಕ್ಷೇಪಕ್ಕೆ ಮೂಲ. ಒಳಬರಲು ಒಂದು ಒತ್ತು ಸಾಕು, ಹೊರಹಾಕಲು ಅರ್ಧ ದಿನ ಬೇಕು! ಬೀದಿಗೋಡೆಗಳ ವಿಷಯದಲ್ಲಿ ನಾವು ಹೀಗೆ ಸುಮ್ಮನಿರಲಿಲ್ಲ. ಅನುಮತಿಯಿಲ್ಲದೆ ಭಿತ್ತಿಪತ್ರ ಹಚ್ಚಿ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಲ್ಲಿಯೇ ಕಾಯಿದೆ ಬಂದಿತು. 2018ರ ಆಗಸ್ಟ್‌ನಲ್ಲಿ ಉಚ್ಚ ನ್ಯಾಯಾಲಯ ಗದರಿದಾಗ ಅಂದಿನ ಮಹಾನಗರ ಪಾಲಿಕೆಯು ಬೆಂಗಳೂರಿನ ಬೀದಿಗಳಿಂದ ಸಾವಿರಾರು ಫ್ಲೆಕ್ಸುಗಳನ್ನು ಕಿತ್ತುಹಾಕಿತು. ಗೋಡೆಯ ಮಾಲೀಕನಿಗೆ "ನೀನೇಕೆ ಗೋಡೆ ಕಟ್ಟಿದೆ?" ಎಂದು ಯಾರೂ ಕೇಳಲಿಲ್ಲ.

ಗಣಕಯಂತ್ರದ ವಿಷಯದಲ್ಲಿಯೂ ಕಾನೂನು ನಿಧಾನವಾಗಿ ಎಚ್ಚರಗೊಳ್ಳುತ್ತಿದೆ. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು ಗ್ರಾಹಕರನ್ನು ವಂಚಿಸುವ 13 ಬಗೆಯ ವಿನ್ಯಾಸಗಳನ್ನು ನಿಷೇಧಿಸಿತು. ಮಾರುವೇಷದ ಜಾಹೀರಾತು, ವೈರಸ್ಸಿನ ಹೆದರಿಕೆ ಹುಟ್ಟಿಸಿ ಹಣ ಕೀಳುವುದು ಎರಡೂ ಆ ಪಟ್ಟಿಯಲ್ಲಿವೆ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು, ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆಂಬ ತತ್ತ್ವವನ್ನು ಒಪ್ಪಿಕೊಂಡಿದೆ. ಅದು ದತ್ತಾಂಶಕ್ಕೆ ಸಂಬಂಧಿಸಿದ ಮಾತು. ತಂತ್ರಾಂಶಕ್ಕೂ ಅದೇ ಅಳತೆಗೋಲು ಏಕಿರಬಾರದು? ಚೌಕಗಳು ಖಾಲಿಯಾಗಿಯೇ ಇರಲಿ, ಪ್ರಶ್ನೆ ಕನ್ನಡದಲ್ಲಿರಲಿ, ಒಂದೇ ಒತ್ತಿಗೆ ಬಂದದ್ದು ಒಂದೇ ಒತ್ತಿಗೆ ಹೋಗಲಿ.

ಅಲ್ಲಿಯವರೆಗೆ ಕಿರಿಯ ಮಿತ್ರರಲ್ಲಿ ನನ್ನದೊಂದು ವಿನಂತಿ: ಯಂತ್ರವನ್ನು ಸರಿಪಡಿಸುವಾಗ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಕೈಯಿಂದಲೇ ಒತ್ತಿಸಿ. "ಏನು ಒತ್ತಿದಿರಿ?" ಎಂಬ ಪ್ರಶ್ನೆಯ ಬದಲು "ಇದನ್ನು ಇಲ್ಲಿ ಇಟ್ಟವರು ಯಾರು?" ಎಂದು ಕೇಳಿ. ಜಾಹೀರಾತು ಹೋದರೆ ಯಂತ್ರವಷ್ಟೇ ಶುಚಿಯಾಗುತ್ತದೆ; ಅಂಜಿಕೆ ಹೋದರೆ ಮಾತ್ರ ಅದು ಮತ್ತೆ ಅವರದಾಗುತ್ತದೆ.