ಕೃಷ್ಣರಂಧ್ರವೂ ಕನ್ನಡದ ಋಣವೂ

ನಮ್ಮ ಕೊಡಿಗೇಹಳ್ಳಿಗೆ ಕೆಲವೇ ಮೈಲುಗಳ ದೂರದಲ್ಲಿರುವ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಪೋಲಿಕ್ಸ್ ಎಂಬ ಉಪಕರಣವು 2024ನೆಯ ಇಸವಿ ಜನವರಿ 1ರಂದು ಎಕ್ಸ್‌ಪೋಸ್ಯಾಟ್ ಉಪಗ್ರಹದೊಡನೆ ಅಂತರಿಕ್ಷವನ್ನೇರಿತು. ಕಪ್ಪುಕುಳಿ ಅಥವಾ ಕೃಷ್ಣರಂಧ್ರವೆನಿಸಿಕೊಳ್ಳುವ ಕಾಯಗಳ ನೆರೆಯಿಂದ ಬರುವ ಕ್ಷಕಿರಣಗಳನ್ನು ಪರೀಕ್ಷಿಸುವುದು ಅದರ ಉದ್ದೇಶಗಳಲ್ಲೊಂದು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವೇಕೆಂದು ಇಂತಹ ಕಾರ್ಯವನ್ನು ಆಕ್ಷೇಪಿಸುವವರುಂಟು. ಅವರಿಗೆ ಉತ್ತರ ಹೇಳುವ ಮೊದಲು ವಿಷಯವನ್ನು ತಿಳಿದುಕೊಳ್ಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಕೃಷ್ಣರಂಧ್ರದಿಂದ ಬೆಳಕೂ ಹೊರಬರಲಾರದು. ಆದರೆ ಅದರೊಡನೆ ಜೋಡಿಯಾಗಿ ನಕ್ಷತ್ರವೊಂದು ಸುತ್ತುತ್ತಿದ್ದಲ್ಲಿ, ಅದು ಆ ನಕ್ಷತ್ರದ ಅನಿಲವನ್ನು ಸೆಳೆದುಕೊಳ್ಳುವುದು. ಆ ಅನಿಲವು ನೇರವಾಗಿ ಒಳಗೆ ಬೀಳದೆ, ಕೆರೆಯ ತೂಬಿನ ಬಾಯಲ್ಲಿ ನೀರು ಸುಳಿಯುವಂತೆ ಸುತ್ತುತ್ತ ತಟ್ಟೆಯ ಆಕಾರವನ್ನು ತಾಳುವುದು. ಒಳಸುತ್ತುಗಳು ಶೀಘ್ರವಾಗಿಯೂ ಹೊರಸುತ್ತುಗಳು ನಿಧಾನವಾಗಿಯೂ ತಿರುಗುವುದರಿಂದ ಅವು ಕಾಂತಬಲದ ಮೂಲಕ ಒಂದನ್ನೊಂದು ಎಳೆದಾಡುವವು. ಹೀಗೆ ಅನಿಲವು ತನ್ನ ಭ್ರಮಣಬಲವನ್ನು ಹೊರಗಿನ ಸುತ್ತುಗಳಿಗೆ ಬಿಟ್ಟುಕೊಟ್ಟು ಒಳಕ್ಕೆ ಸರಿಯುತ್ತ, ಕೋಟಿ ಡಿಗ್ರಿಯವರೆಗೂ ಕಾದು ಕ್ಷಕಿರಣಗಳನ್ನು ಸೂಸುವುದು. ಸೂರ್ಯನ ಗರ್ಭದಲ್ಲಿ ಜಲಜನಕವು ಹೀಲಿಯಮ್ ಆಗುವಾಗ ದ್ರವ್ಯದ ನೂರರಲ್ಲೊಂದು ಪಾಲೂ ಶಕ್ತಿಯಾಗಿ ಮಾರ್ಪಡದು. ಈ ತಟ್ಟೆಯಲ್ಲಿ ಆರು ಪಾಲು, ರಂಧ್ರವು ವೇಗವಾಗಿ ತಿರುಗುತ್ತಿದ್ದರೆ ಇನ್ನೂ ಅಧಿಕವಾಗಿ, ಮಾರ್ಪಡಬಲ್ಲುದು.

ಈ ವಿದ್ಯೆ ಬೆಂಗಳೂರಿಗೆ ಹೊಸದಲ್ಲ. ಅದಮಾರಿನಲ್ಲಿ ಜನಿಸಿದ ಯು. ಆರ್. ರಾವ್ ಅವರ ನೇತೃತ್ವದಲ್ಲಿ ಪೀಣ್ಯದ ಷೆಡ್ಡುಗಳಲ್ಲಿ ಸಿದ್ಧವಾದ ಆರ್ಯಭಟವು 1975ನೆಯ ಏಪ್ರಿಲ್ 19ರಂದು ಮೇಲೇರಿತು. ವಿದ್ಯುತ್ತಿನ ದೋಷದಿಂದ ಕೆಲವೇ ದಿನಗಳಲ್ಲಿ ಪ್ರಯೋಗಗಳು ನಿಂತುಹೋದರೂ, ಅಷ್ಟರೊಳಗೆ ಅದು ಸಿಗ್ನಸ್ ಎಕ್ಸ್-1 ಎಂಬ ಪ್ರಸಿದ್ಧ ಜೋಡಿಯ ಕ್ಷಕಿರಣಗಳನ್ನು ಕಂಡಿತ್ತು. 1996ರಲ್ಲಿ ಹಾರಿದ ಐ.ಆರ್.ಎಸ್.-ಪಿ3 ಉಪಗ್ರಹದ ಕ್ಷಕಿರಣ ಉಪಕರಣವು ಜಿ.ಆರ್.ಎಸ್. 1915+105 ಎಂಬ ಜೋಡಿಯಲ್ಲಿ ಮತ್ತೆ ಮತ್ತೆ ಏಳುವ ಪ್ರಕಾಶದ ಅಲೆಗಳನ್ನು ದಾಖಲಿಸಿತು. ತಟ್ಟೆಯ ಒಳಭಾಗವು ಕ್ಷಣಗಳಲ್ಲಿ ಬರಿದಾಗಿ, ಪುನಃ ತುಂಬಿಕೊಳ್ಳುವುದೇ ಇದಕ್ಕೆ ಕಾರಣವೆಂದು ವಿದ್ವಾಂಸರು ವಿವರಿಸಿರುವರು.

ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಉಂಟು. ಅದೇ ಉಪಗ್ರಹವು ನಮ್ಮ ಪೈರುಪಚ್ಚೆಗಳನ್ನೂ ಸಮುದ್ರವನ್ನೂ ನೋಡುವ ಯಂತ್ರಗಳನ್ನು ಹೊತ್ತಿತ್ತು. ಹಿಟ್ಟೂ ಮಲ್ಲಿಗೆಯೂ ಒಂದೇ ಬುಟ್ಟಿಯಲ್ಲಿ ಹೋದವು. ಒಂದನ್ನು ಕಟ್ಟಲು ಬಲ್ಲ ಕೈಯೇ ಇನ್ನೊಂದನ್ನೂ ಕಟ್ಟಿತು.

ನಮ್ಮ ದೂರು ಬೇರೆ. ಕೆರೆ ಕಟ್ಟಿದವರಿಗೂ ಜೀರ್ಣೋದ್ಧಾರ ಮಾಡಿದವರಿಗೂ ಮಾನ್ಯವಾಗಿ ಬಿಟ್ಟ ಭೂಮಿಯನ್ನು ಹಿಂದಿನವರು ಕೊಡಿಗೆ ಎನ್ನುತ್ತಿದ್ದರು. ಊರು ಭೂಮಿ ಕೊಟ್ಟಿತು. ನೀರು ಊರಿಗೆ ಬಂದಿತು. ಇಂದು ಪ್ರಜೆಗಳು ತೆರಿಗೆಯ ರೂಪದಲ್ಲಿ ಕೊಡಿಗೆಯನ್ನು ಕೊಡುತ್ತಿರುವರು. ಜ್ಞಾನದ ಕೆರೆಯೂ ತುಂಬುತ್ತಿದೆ. ಆದರೆ ಫಲಿತಾಂಶಗಳೆಲ್ಲ ಇಂಗ್ಲಿಷಿನ ಪತ್ರಿಕೆಗಳಲ್ಲಿ ಅಚ್ಚಾಗುವುವು. ಕೊಡಿಗೇಹಳ್ಳಿಯ ಪ್ರೌಢಶಾಲೆಯ ಬಾಲಕಿಗೆ ಅವುಗಳಲ್ಲಿ ಎಷ್ಟು ತಲುಪುವುವು? ಪ್ರತಿಯೊಂದು ಮುಖ್ಯ ಫಲಿತಾಂಶದೊಡನೆ ಎರಡು ಪುಟದ ಕನ್ನಡ ವಿವರಣೆಯೂ ಹೊರಡಬೇಕು. ಸರ್ಕಾರದವರು ಅದನ್ನು ಶಾಲೆಶಾಲೆಗೂ ಮುಟ್ಟಿಸಬೇಕು. ಕನ್ನಡದಲ್ಲಿ ಪದಗಳಿಲ್ಲವೆಂಬುದು ನೆಪಮಾತ್ರ. ತೂಬು, ಸುಳಿ, ತಟ್ಟೆ ಎಂಬ ಮನೆಮಾತುಗಳಿಂದಲೇ ಮೇಲಿನದನ್ನು ಹೇಳಿರುವೆವು.

ತೂಬೆತ್ತದ ಕೆರೆಯಿಂದ ಗದ್ದೆಗೆ ಉಪಕಾರವೇನು?